ತೀರ್ಪು ಮೊದಲು, ತನಿಖೆ ಆಮೇಲೆ

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ.

1898ರ ಫೆಬ್ರವರಿ 15ರ ರಾತ್ರಿ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಲಂಗರು ಹಾಕಿದ್ದ ಅಮೆರಿಕದ ಯುದ್ಧನೌಕೆ ‘ಮೇನ್’ ಸಿಡಿದು ಮುಳುಗಿತು. 260ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಕ್ಯಾಪ್ಟನ್ ಸಿಗ್ಸ್‌ಬಿ ಕಳಿಸಿದ ತಂತಿಯಲ್ಲಿ, ಮುಂದಿನ ವರದಿ ಬರುವ ತನಕ ಜನ ಯಾವ ತೀರ್ಮಾನಕ್ಕೂ ಬರಬಾರದು ಎಂಬ ಮಾತಿತ್ತು. ಹಡಗು ಕಳೆದುಕೊಂಡವನಿಗಿದ್ದ ತಾಳ್ಮೆ ನ್ಯೂಯಾರ್ಕಿನ ಅಚ್ಚುಮನೆಗಳಿಗೆ ಇರಲಿಲ್ಲ.

ಹರ್ಸ್ಟ್ ಅವರ ‘ಜರ್ನಲ್’, ಪುಲಿಟ್ಜರ್ ಅವರ ‘ವರ್ಲ್ಡ್’ ಎರಡೂ ಒಂದು ಸೆಂಟಿನ ಪತ್ರಿಕೆಗಳು. ಬೆಲೆ ಇನ್ನು ಇಳಿಯುವಂತಿಲ್ಲ; ಏರಿಸಲು ಉಳಿದದ್ದು ದನಿ ಒಂದೇ. 17ನೇ ತಾರೀಖಿಗೆ ಜರ್ನಲ್, ಇದು ಶತ್ರುವಿನ ಕೆಲಸ ಎಂದು ಮುಖಪುಟದಲ್ಲಿ ಸಾರಿ, ಅಪರಾಧಿಯ ಸುಳಿವಿಗೆ 50,000 ಡಾಲರ್ ಇನಾಮು ಇಟ್ಟಿತು. ನೌಕಾಪಡೆಯ ವಿಚಾರಣಾ ಮಂಡಳಿ ಹವಾನಾದಲ್ಲಿ ಕೂತದ್ದು 21ಕ್ಕೆ. ಮಾರ್ಚ್‌ನಲ್ಲಿ ಮಂಡಳಿ, ಸ್ಫೋಟ ನೀರೊಳಗಿನ ಸಿಡಿಗುಂಡಿನಿಂದ ಆದದ್ದು ಎಂದಿತು. ಇಟ್ಟವರು ಯಾರೆಂದು ಹೇಳಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಸ್ಪೇನಿನ ಮೇಲೆ ಯುದ್ಧ. 1976ರಲ್ಲಿ ಅಡ್ಮಿರಲ್ ರಿಕೋವರ್ ನಡೆಸಿದ ಅಧ್ಯಯನ ಬೇರೆಯೇ ಕಾರಣ ಕೊಟ್ಟಿತು: ಕಲ್ಲಿದ್ದಲ ಕೋಣೆಯಲ್ಲಿ ತಾನಾಗಿ ಹೊತ್ತಿದ ಬೆಂಕಿ, ಅದರ ಪಕ್ಕದಲ್ಲೇ ಮದ್ದಿನ ಕೋಣೆ.

ಹರ್ಸ್ಟ್ ‘ಯುದ್ಧ ನಾನು ಒದಗಿಸುತ್ತೇನೆ’ ಎಂದು ತಂತಿ ಕಳಿಸಿದ ಕತೆ ನೀವೂ ಕೇಳಿರಬಹುದು. ಆ ತಂತಿಯನ್ನು ಕಂಡವರಿಲ್ಲ! ಪತ್ರಿಕೆಗಳೇ ಯುದ್ಧ ತಂದವು ಎಂದರೂ ಅತಿಯಾದೀತು. ಕ್ಯೂಬಾದಲ್ಲಿ 1895ರಿಂದಲೇ ದಂಗೆ ನಡೆದಿತ್ತು. ಪತ್ರಿಕೆಗಳು ಕಸಿದುಕೊಂಡದ್ದು ಸಮಯವನ್ನು. ಓದುಗ ಕೆರಳಿ ಕೂತ ಮೇಲೆ, ‘ತಡೆಯಿರಿ, ವಿಚಾರಿಸೋಣ’ ಎಂದ ಅಧ್ಯಕ್ಷ ಹೇಡಿಯಂತೆ ಕಾಣುತ್ತಾನೆ.

ನಮ್ಮೂರಿಗೇ ಬರೋಣ. ಮುಂಬಯಿ ಮೇಲೆ ಭಯೋತ್ಪಾದಕರ ದಾಳಿ ನಡೆದಿದ್ದ 2008ರ ನವೆಂಬರ್ 28ರ ಬೆಳಿಗ್ಗೆ ಕೊಲಾಬಾದ ನರಿಮನ್ ಹೌಸ್ ಮೇಲೆ ಕಮಾಂಡೋಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಗಡಿಯಾಚೆ ಕೂತು ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರಿಗೂ ಅದೇ ಟಿವಿ ಇತ್ತು. 2012ರಲ್ಲಿ, ಸೆರೆಸಿಕ್ಕ ದಾಳಿಕೋರ ಕಸಬ್‌ನ ಮೊಕದ್ದಮೆಯಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಈ ನೇರಪ್ರಸಾರವನ್ನು ಕಟುವಾಗಿ ಟೀಕಿಸಿತು. ದಾಳಿಯ ಆ ದಿನಗಳಲ್ಲೇ, ಆಗ ನಮ್ಮ ವಿದೇಶಾಂಗ ಸಚಿವರಾಗಿದ್ದ ಪ್ರಣಬ್ ಮುಖರ್ಜಿಯವರ ಹೆಸರು ಹೇಳಿಕೊಂಡು ಯಾರೋ ಪಾಕಿಸ್ತಾನದ ಅಧ್ಯಕ್ಷ ಜರ್ದಾರಿಯವರಿಗೆ ಬೆದರಿಕೆಯ ಫೋನ್ ಮಾಡಿದರು. ಮುಖರ್ಜಿ ಕರೆಯನ್ನೇ ಮಾಡಿರಲಿಲ್ಲ. ಪಾಕಿಸ್ತಾನದ ವಾಯುಪಡೆ ಮಾತ್ರ ಕಟ್ಟೆಚ್ಚರಕ್ಕೆ ನಿಂತಿತು. ಆ ಕರೆಯನ್ನು ಅಧ್ಯಕ್ಷರ ತನಕ ದಾಟಿಸಿದ್ದು ಸುತ್ತಲಿನ ಕಾವು. ಕಾವಿನಲ್ಲಿ ಯಾವ ಮಾತೂ ನಂಬುವಂತೆಯೇ ಇರುತ್ತದೆ.

‘ಮೂಲಗಳ ಪ್ರಕಾರ’ ಎಂಬುದು ಕೆಲಸ ಮಾಡುವ ಬಗೆ ನೋಡಿ. ಇಲ್ಲಿನ ಚಾನೆಲ್ ಹೆಸರಿಲ್ಲದವರ ಮಾತನ್ನು ತೆರೆಯ ಕೆಳಗಿನ ಪಟ್ಟಿಯಲ್ಲಿ ಓಡಿಸುತ್ತದೆ. ಅಲ್ಲಿನ ಚಾನೆಲ್ ಅದನ್ನು ‘ಭಾರತದ ಎಚ್ಚರಿಕೆ’ ಮಾಡುತ್ತದೆ. ಅಲ್ಲಿನ ಒಬ್ಬ ಸಚಿವರು ಉತ್ತರಿಸುತ್ತಾರೆ, ಆ ಉತ್ತರ ಇಲ್ಲಿನ ರಾತ್ರಿ ಚರ್ಚೆಗೆ ಸರಕಾಗುತ್ತದೆ. ಈಗ ಹೇಳಿದವರಿಗೆ ಹೆಸರಿದೆ, ಕುರ್ಚಿಯೂ ಇದೆ. ಮೊದಲ ಮಾತಿಗೆ ಮಾತ್ರ ಇನ್ನೂ ವಾರಸುದಾರರಿಲ್ಲ. ಇಂಥ ಹೊತ್ತಿನಲ್ಲಿ ಸುದ್ದಿಯನ್ನು ಹಿಂದಕ್ಕೆ ಓದಬೇಕು: ಯಾರು ಯಾರನ್ನು ಉಲ್ಲೇಖಿಸಿದರು, ಕೊನೆಗೆ ಸಿಗುವುದು ಹೆಸರೋ, ಬರೀ ಮೂಲವೋ?

2015ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿಯಾಯಿತು. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನು ನೇರ ತೋರಿಸುವಂತಿಲ್ಲ. ಅದು ಮುಗಿಯುವ ತನಕ ನೇಮಕಗೊಂಡ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟೇ. ಒಳ್ಳೆಯ ನಿಯಮ. ಆದರೆ ಅದು ಚಾನೆಲ್ಲುಗಳಿಗೆ. ಕೊಲಾಬಾದ ಕಿಟಕಿಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದದ್ದನ್ನು ಮಾಟುಂಗದ ನೆಂಟರಿಗೂ ಹುಬ್ಬಳ್ಳಿಯ ಗ್ರೂಪಿಗೂ ಕಳಿಸುವ ಕೈಗೆ ಕೇಬಲ್ ನಿಯಮ ತಾಕುವುದಿಲ್ಲ.

ನಮಸ್ಕಾರ.