ಡಿಗ್ರಿಗೆ ಸೇರುವ ಮುನ್ನ ಒಂದು ಲೆಕ್ಕ

ಕೇಳುಗರಿಗೆ ನಮಸ್ಕಾರ.

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ ಮಳೆ ಹಿಡಿಯುವ ತನಕ ಕೊಡಗಿನಲ್ಲಿ ನಾಲ್ಕು ಜನ ಸೇರಿದ ಕಡೆಯೆಲ್ಲ ಒಂದು ಮಾತು ಬಂದೇ ಬರುತ್ತದೆ. ಮದುವೆ ಮಂಟಪವಿರಲಿ, ಸಹಕಾರ ಸಂಘದ ಜಗಲಿಯಿರಲಿ, ಯಾರಾದರೊಬ್ಬರು ಕೈಹಿಡಿದು ಪಕ್ಕಕ್ಕೆ ಕರೆದು ಕೇಳುತ್ತಾರೆ: ‘ಮಾಸ್ಟ್ರೇ, ಹುಡುಗನನ್ನು ಡಿಗ್ರಿಗೆ ಹಾಕಿದರೆ ಏನಾದರೂ ಪ್ರಯೋಜನ ಉಂಟೇ? ಇಲ್ಲ, ತೋಟ ನೋಡಿಕೊಂಡು ಇದ್ದುಬಿಡಲಿ ಎನ್ನುವುದೇ?’ ಕಾಲೇಜಿನಲ್ಲಿ ಪಾಠ ಹೇಳಿಯೇ ಸಂಸಾರ ಸಾಗಿಸಿದವನು ನಾನು. ಕಾಲೇಜಿನ ಕಡೆಗೆ ನನ್ನ ಮಾತು ಸ್ವಲ್ಪ ವಾಲುವುದು ಸಹಜ. ಅಷ್ಟನ್ನು ಕಳೆದುಕೊಂಡೇ ಕೇಳಿ.

ನನ್ನ ಉತ್ತರ ಯಾವಾಗಲೂ ಒಂದು ಮರುಪ್ರಶ್ನೆ. ಹುಡುಗ ಯಾವ ಕೆಲಸಕ್ಕೆ ಹೋಗಬೇಕೆಂದಿದ್ದಾನೆ? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ‘ಏನೋ ಒಂದು, ಮೊದಲು ಡಿಗ್ರಿ ಆಗಲಿ’ ಎನ್ನುತ್ತಾರೆ. ನಷ್ಟ ಶುರುವಾಗುವುದು ಅಲ್ಲಿಂದಲೇ. ಸರ್ಕಾರಿ ನೇಮಕಾತಿಯ ಅಧಿಸೂಚನೆಗಳಲ್ಲಿ ವಿದ್ಯಾರ್ಹತೆ ಎಂಬ ಅಂಕಣ ಒಂದಿರುತ್ತದೆ. ಅದನ್ನು ಓದುವುದಕ್ಕೆ ಡಿಗ್ರಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆಗೆ ಪದವಿ ಬೇಕು. ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ, ಸಬ್ ಇನ್‌ಸ್ಪೆಕ್ಟರ್ ಆಗಲು ಪದವಿ. ಇಲ್ಲಿ ಡಿಗ್ರಿಯ ಬೆಲೆ ಕಣ್ಣಿಗೆ ಕಾಣುತ್ತದೆ, ವಾದವೇ ಬೇಡ. ಆದರೆ ಪಿಯುಸಿ ಸಾಕು ಎಂದ ಹುದ್ದೆಯ ಪರೀಕ್ಷೆಗೂ ಎಂ.ಎ. ಆದವರು ಬಂದು ಕೂರುತ್ತಾರೆ ಎಂಬುದನ್ನು ಮರೆಯಬೇಡಿ. ಹದಿನೆಂಟು ದಾಟಿದ ಹುಡುಗ ಅವರ ಪಕ್ಕದ ಬೆಂಚಿನಲ್ಲಿ ಕುಳಿತು ಬರೆಯಬೇಕು.

ಶುಶ್ರೂಷೆ, ವೈದ್ಯಕೀಯ, ಅರಣ್ಯಶಾಸ್ತ್ರದಂಥ ಓದಿಗೂ ಇದೇ ಮಾತು. ಓದು ಇಲ್ಲದೆ ಆ ಕೆಲಸವೇ ಇಲ್ಲ. ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಮಹಾವಿದ್ಯಾಲಯ ಇದೆ, ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಸೀಟು ಸಿಕ್ಕಿದವರಿಗೆ ನನ್ನ ಈ ಭಾಷಣದ ಅಗತ್ಯವಿಲ್ಲ.

ಕಷ್ಟ ಇರುವುದು ಬೇರೆ ಏನೂ ತೋಚದೆ ಬಿ.ಎ., ಬಿ.ಕಾಂ.ಗೆ ಸೇರುವವರಿಗೆ. ಆ ಪದವಿಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ, ಬಿ.ಕಾಂ. ಮಕ್ಕಳಿಗೆ ಪಾಠ ಹೇಳಿದವನು ನಾನೇ. ಜಿಎಸ್‌ಟಿ ಲೆಕ್ಕ ಬಲ್ಲ, ಟ್ಯಾಲಿಯಲ್ಲಿ ಕೈ ಪಳಗಿದ ಬಿ.ಕಾಂ. ಹುಡುಗಿಗೆ ಗೋಣಿಕೊಪ್ಪದಲ್ಲಿಯೂ ಕೆಲಸ ಸಿಗುತ್ತದೆ. ಬರೀ ಅಂಕಪಟ್ಟಿ ಹಿಡಿದುಕೊಂಡು ಹೋದವನಿಗೆ ಬೆಂಗಳೂರಿನಲ್ಲಿಯೂ ಸಿಗುವುದಿಲ್ಲ. ಸರ್ಕಾರಕ್ಕೂ ಇದು ಗೊತ್ತು. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆಯನ್ನೇ ನೋಡಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಪದವಿ ಪಡೆದವರಿಗೆಲ್ಲ ಕೆಲಸ ಕಾದು ಕುಳಿತಿದ್ದರೆ ಇಂಥ ಯೋಜನೆ ಯಾರಿಗೆ ಬೇಕಿತ್ತು?

ಇನ್ನು ಕೈಕೆಲಸದ ಓದು. ಐಟಿಐ ಎಂದ ಕೂಡಲೇ ನಮ್ಮಲ್ಲಿ ಕೆಲವರ ಮುಖ ಸಪ್ಪಗಾಗುತ್ತದೆ. ಅದೇ ಜನ ಡಿಸೆಂಬರಿನಲ್ಲಿ ಕಾಫಿ ಹಣ್ಣು ಕೊಯ್ಲಿನ ನಡುವೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಿಂತುಹೋದರೆ ಮೆಕ್ಯಾನಿಕ್‌ಗೆ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾರೆ. ಕೊಯ್ದ ಹಣ್ಣು ರಾತ್ರಿ ಕಳೆದರೆ ಹುಳಿಯುತ್ತದೆ. ಆ ಹೊತ್ತಿನಲ್ಲಿ ಮೆಕ್ಯಾನಿಕ್ ಕೇಳಿದ್ದೇ ಕೂಲಿ. ರೆಸಾರ್ಟು, ಹೋಂಸ್ಟೇಗಳು ಹೆಚ್ಚಿದ ಮೇಲೆ ವೈರಿಂಗ್, ಪ್ಲಂಬಿಂಗ್, ಸೋಲಾರ್, ಪಂಪ್‌ಸೆಟ್ ಬಲ್ಲವರಿಗೆ ಬಿಡುವೇ ಇಲ್ಲ. ಮೇಲಾಗಿ ಆ ದಾರಿ ಅಲ್ಲಿಗೇ ಮುಗಿಯುವುದೂ ಇಲ್ಲ. ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಪಾಲಿಟೆಕ್ನಿಕ್ಕೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಎರಡೂ ಕುಶಾಲನಗರದಲ್ಲಿಯೇ ಇವೆ.

ಕೊಡಗಿನಲ್ಲಿ ಸೈನ್ಯದ ಮಾತು ಬಿಟ್ಟರೆ ಭಾಷಣ ಪೂರ್ತಿಯಾಗುವುದಿಲ್ಲ. ಅಗ್ನಿವೀರರಾಗಿ ಸೇರಲು ಹತ್ತನೆಯ ತರಗತಿ ಸಾಕು, ಸಂಬಳವೂ ಬೇಗ ಕೈಗೆ ಬರುತ್ತದೆ. ಆದರೆ ನಾಲ್ಕು ವರ್ಷದ ಕೊನೆಗೆ ಸೈನ್ಯದಲ್ಲಿ ಉಳಿಸಿಕೊಳ್ಳುವುದು ಶೇ. 25ರಷ್ಟು ಮಂದಿಯನ್ನು ಮಾತ್ರ. ಉಳಿದವರು ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ ಊರಿಗೆ ಬಂದು ಮತ್ತೆ ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಅಗ್ನಿವೀರರಿಗೆಂದೇ ಇಗ್ನೋ ದೂರಶಿಕ್ಷಣ ವಿಶ್ವವಿದ್ಯಾಲಯದಲ್ಲಿ ಸೇವೆಯ ತರಬೇತಿಯನ್ನೂ ಲೆಕ್ಕಕ್ಕೆ ಹಿಡಿಯುವ ಪದವಿ ಇದೆ. ಸೇವೆಯಲ್ಲಿ ಇರುವಾಗಲೇ ಹೆಸರು ನೋಂದಾಯಿಸಿಕೊಳ್ಳಿ. ಅಧಿಕಾರಿಯಾಗಬೇಕು ಎನ್ನುವವರಿಗೆ ಪಿಯುಸಿ ಆದ ಮೇಲೆ ಎನ್‌ಡಿಎ ಪರೀಕ್ಷೆ, ಪದವಿ ಆದ ಮೇಲೆ ಸಿಡಿಎಸ್ ಪರೀಕ್ಷೆ.

ಈಗ ತೋಟದ ವಿಷಯಕ್ಕೆ ಬರೋಣ. ನನಗೆ ಹೆಚ್ಚು ಹೇಳಬೇಕಾಗಿರುವುದು ಇಲ್ಲಿಯೇ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ನಮ್ಮ ಜಿಲ್ಲೆಯದು. ಕೊಡಗಿನಲ್ಲಿ ಎಷ್ಟೋ ಮಕ್ಕಳ ಕಾಲೇಜನ್ನು ತೀರ್ಮಾನಿಸುವುದು ಅಂಕಗಳಲ್ಲ, ಆ ವರ್ಷದ ಕಾಫಿ ದರ. ಈಚೆಗೆ ದರ ದಾಖಲೆಗೆ ಏರಿದಾಗ ‘ಇನ್ನು ಕೆಲಸಕ್ಕೆ ಹೋಗಿ ಏನಾಗಬೇಕು’ ಎಂದ ತಂದೆಯರನ್ನು ಕಂಡಿದ್ದೇನೆ. 2001–02ರ ಸುಮಾರಿಗೆ ದರ ನೆಲಕಚ್ಚಿದ್ದನ್ನು ಕಂಡವರು ಹಾಗೆ ಹೇಳಲಾರರು. ಕೊಯ್ಲಿನ ಕೂಲಿಯೂ ಹುಟ್ಟದ ಆ ದಿನಗಳಲ್ಲಿ ಸಣ್ಣ ಹಿಡುವಳಿಯ ಮನೆಗಳನ್ನು ಎತ್ತಿ ಹಿಡಿದದ್ದು ಮನೆಯಲ್ಲಿ ಯಾರೋ ಒಬ್ಬರಿಗೆ ಇದ್ದ ತಿಂಗಳ ಸಂಬಳ. ಎರಡು ಮೂರು ಎಕರೆಯ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಬ್ಬರನ್ನೂ ತೋಟದಲ್ಲಿಯೇ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ತೋಟದಲ್ಲಿ ನಿಲ್ಲುವವನಿಗೆ ಓದು ಬೇಡವೇ? ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಮಾರುವ ದಿನ ವ್ಯಾಪಾರಿಯ ಗೋದಾಮಿನಲ್ಲಿ ಒಂದು ಗಂಟೆ ನಿಂತು ನೋಡಿ. ಚೀಲದಿಂದ ಒಂದು ಬೊಗಸೆ ತೆಗೆಯುತ್ತಾರೆ, ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸುತ್ತಾರೆ, ಬೀಜವನ್ನು ತೂಗುತ್ತಾರೆ, ತೇವಾಂಶ ನೋಡುತ್ತಾರೆ, ಕಪ್ಪು ಬೀಜ ಆರಿಸಿ ಪಕ್ಕಕ್ಕಿಡುತ್ತಾರೆ. ಕೊನೆಗೆ ಒಂದು ಸಂಖ್ಯೆ ಹೇಳುತ್ತಾರೆ. ಅದೇ ಓ.ಟಿ. ಐವತ್ತು ಕಿಲೋ ಚೀಲದಲ್ಲಿ 26 ಕಿಲೋ ಬೀಜ ಬಂದರೆ ಓ.ಟಿ. 26. ಒಂದು ಓ.ಟಿ.ಗೆ 400 ರೂಪಾಯಿ ಎಂದು ಇಟ್ಟುಕೊಂಡರೆ ಚೀಲಕ್ಕೆ 10,400. ಎಣಿಕೆಯಲ್ಲಿ 26 ಹೋಗಿ 25 ಆದರೆ ಚೀಲಕ್ಕೆ 400 ಹೋಯಿತು. ಎಂಬತ್ತು ಚೀಲಕ್ಕೆ 32,000. ತಲೆಯಾಡಿಸಿ ಚೀಟಿ ಮಡಚಿ ಜೇಬಿಗೆ ಹಾಕಿಕೊಳ್ಳುವ ಬೆಳೆಗಾರನೂ ಇದ್ದಾನೆ, ‘ಇನ್ನೊಂದು ಚೀಲದಿಂದ ತೆಗೆದು ನೋಡಿ’ ಎನ್ನುವವನೂ ಇದ್ದಾನೆ. ಈ ಲೆಕ್ಕವನ್ನು ಮೂರು ವರ್ಷದ ಬಿ.ಕಾಂ.ನಲ್ಲಿ ನಾವು ಯಾರೂ ಕಲಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕಲಿಸುವ ಕಡೆ ಇದೆ. ಕಾಫಿ ಮಂಡಳಿ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ರುಚಿ ನೋಡುವುದು, ಹುರಿಯುವುದು, ದರ್ಜೆ ಕಟ್ಟುವುದು ಎಲ್ಲ ಅದರಲ್ಲಿ ಬರುತ್ತದೆ. ಆದರೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರದಂಥ ವಿಜ್ಞಾನದಲ್ಲಿ ಅಥವಾ ಕೃಷಿಯಲ್ಲಿ ಪದವಿ ಇದ್ದವರಿಗೆ ಮಾತ್ರ ಪ್ರವೇಶ. ಹುಟ್ಟಿದಂದಿನಿಂದ ಕಾಫಿ ಗಿಡದ ಬುಡದಲ್ಲಿ ಆಡಿದ ಮಗು ಪಿಯುಸಿಯಲ್ಲಿ ಸ್ನೇಹಿತರ ಜೊತೆ ವಾಣಿಜ್ಯ ತೆಗೆದುಕೊಂಡರೆ ಈ ಬಾಗಿಲು ಅಂದೇ ಮುಚ್ಚಿತು. ಮನೆಯಲ್ಲಿ ತೋಟವಿದ್ದು ಮಗಳಿಗೆ ಜೀವಶಾಸ್ತ್ರ ಇಷ್ಟವಿದ್ದರೆ ಬಿ.ಎಸ್ಸಿ.ಯನ್ನು ಹೀಗಳೆಯಬೇಡಿ.

ಖರ್ಚಿನ ಮಾತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಶುಲ್ಕ ಯಾರಿಗೂ ಹೊರೆಯಲ್ಲ. ಹೊರೆಯಾಗುವುದು ಮೈಸೂರು, ಮಂಗಳೂರಿನ ಊಟ ಮತ್ತು ಕೋಣೆ ಬಾಡಿಗೆ. ತಿಂಗಳಿಗೆ 7,000 ಎಂದರೂ ವರ್ಷಕ್ಕೆ ಹತ್ತು ತಿಂಗಳಂತೆ ಮೂರು ವರ್ಷಕ್ಕೆ 2 ಲಕ್ಷ 10 ಸಾವಿರ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಅದೇ ಪದವಿ ಸಿಗುವುದಾದರೆ ಮೈಸೂರಿಗೆ ಕಳಿಸುವುದಕ್ಕೆ ಬೇರೆ ಕಾರಣ ಇರಬೇಕು. ಸಾಲ ಮಾಡುವವರು ಒಂದು ವಿಷಯ ತಿಳಿದಿರಲಿ: ಓದುವ ವರ್ಷಗಳಲ್ಲಿ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ ಎಂಬ ನಿಯಮವೂ ಇದೆ. ಆರ್‌ಟಿಸಿ ಇನ್ನೂ ಮನೆತನದ ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿಯೇ ಇದ್ದು ಅಡವಿಡಲು ಕಷ್ಟವಾಗುವ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಮನೆಯವರಿಗೆ ಇದು ದೊಡ್ಡ ಅನುಕೂಲ.

ಹೆಣ್ಣುಮಕ್ಕಳ ವಿಷಯದಲ್ಲಿ ನನ್ನ ತಕ್ಕಡಿ ಬೇರೆ. ಗಂಡುಮಗ ಕೆಲಸ ಹುಡುಕಿಕೊಂಡು ಹೊರಟರೆ ಯಾರೂ ತಡೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಗಳು ಊರು ಬಿಟ್ಟು ಹೊರಡಲು ಕಾಲೇಜು ಒಂದೇ ನೆಪ. ಹಾಸ್ಟೆಲ್‌ನಲ್ಲಿ ಇದ್ದು, ಬ್ಯಾಂಕು, ಬಸ್ಸು, ಕಚೇರಿಗಳನ್ನು ತಾನೇ ನಿಭಾಯಿಸಿದ ಹುಡುಗಿ ಮುಂದೆ ಯಾವ ಕೆಲಸ ಹಿಡಿದರೂ ಅದು ಉಪಯೋಗಕ್ಕೆ ಬರುತ್ತದೆ. ಸಂಬಳದ ಲೆಕ್ಕವೊಂದನ್ನೇ ಮುಂದಿಟ್ಟು ಅವಳ ಓದು ನಿಲ್ಲಿಸಬೇಡಿ.

ಒಂದು ಕೊನೆಯ ಸೂಚನೆ. ಸೇರುವುದು ಐಟಿಐ ಆಗಲಿ, ಡಿಗ್ರಿ ಆಗಲಿ, ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕೇ ಬೇಕು. ಜುಲೈನಲ್ಲಿ ಗಾಳಿ ಮಳೆ ಹೊಡೆದರೆ ನಾಡಕಚೇರಿಯಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಮೇ ತಿಂಗಳಲ್ಲಿಯೇ ಹೋಗಿ ಮಾಡಿಸಿಟ್ಟುಕೊಳ್ಳಿ.

ನಮಸ್ಕಾರ.