ಸತ್ತ ಮಂಗದ ಸುದ್ದಿ

ಎಲ್ಲರಿಗೂ ನಮಸ್ಕಾರ. 1957ರ ಬೇಸಿಗೆಗೆ ಒಮ್ಮೆ ಹೋಗಿಬರೋಣ.

ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರದ ಕಡೆಯ ಕಾಡು. ಸೌದೆಗೆ, ಸೊಪ್ಪಿಗೆ ಹೋದವರ ಕಣ್ಣಿಗೆ ಸತ್ತ ಮಂಗಗಳು ಬೀಳುತ್ತಿದ್ದವು. ಅದರ ಬೆನ್ನಿಗೇ ಊರಲ್ಲಿ ಜ್ವರ. ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡ ಹಿಂಡಿದ ಹಾಗೆ, ಕಣ್ಣು ಕೆಂಪು. ಕೆಲವರಿಗೆ ಮೂಗಲ್ಲಿ, ವಸಡಲ್ಲಿ ರಕ್ತ.

ಆಗಿನ ಆರೋಗ್ಯ ಇಲಾಖೆಯವರು ದಡ್ಡರೇನಲ್ಲ. ಸಿಡುಬಿಗೆ ದಾಕು ಹಾಕುತ್ತಿದ್ದರು. ಮಲೇರಿಯಾಕ್ಕೆ ಮನೆ ಗೋಡೆಗೆ ಡಿಡಿಟಿ ಹೊಡೆಯುತ್ತಿದ್ದರು. ಕಾಲರಾ ಬಂದರೆ ಬಾವಿಗೆ ಬ್ಲೀಚಿಂಗ್ ಪೌಡರ್. ಈ ಜ್ವರ ಮಾತ್ರ ರಿಜಿಸ್ಟರಿನ ಯಾವ ಕಾಲಮಿಗೂ ಕೂರಲಿಲ್ಲ. ಮೊದಲು ಟೈಫಾಯ್ಡ್ ಇರಬೇಕು ಅಂದುಕೊಂಡರು. ಊರಿನವರಿಗೆ ಆ ಗೊಂದಲ ಇರಲಿಲ್ಲ. ಮಂಗನ ಕಾಯಿಲೆ ಅಂದರು, ಮುಗೀತು. ಅರ್ಧ ಪತ್ತೆ ಆ ಹೆಸರಲ್ಲೇ ಆಗಿಹೋಗಿತ್ತು, ಅಲ್ವಾ?

ಮಂಗ ಸಾಯುತ್ತಿದೆ ಎಂದ ಕೂಡಲೇ ವಿಜ್ಞಾನಿಗಳಿಗೆ ಗಾಬರಿ ಹತ್ತಿತು. ಮಂಗಗಳನ್ನೂ ಕೊಲ್ಲುವ ಯೆಲ್ಲೋ ಫೀವರ್ ಇರಬಹುದೇ? ಅದು ಭಾರತಕ್ಕೆ ಕಾಲಿಟ್ಟಿರಲಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದರು. ಸೊರಬದ ಕ್ಯಾಸನೂರು ಕಾಡಿನ ಮಂಗವೊಂದರಲ್ಲಿ ವೈರಸ್ ಸಿಕ್ಕಿತು. ಯೆಲ್ಲೋ ಫೀವರ್ ಅಲ್ಲ, ರಷ್ಯಾದ ಒಂದು ಮಿದುಳು ಜ್ವರದ ಹತ್ತಿರದ ನೆಂಟ! ರಷ್ಯಾ ಎಲ್ಲಿ, ಸೊರಬ ಎಲ್ಲಿ? ವಲಸೆ ಹಕ್ಕಿ ಹೊತ್ತು ತಂದಿರಬಹುದೇ ಎಂಬ ಅನುಮಾನ ಬಂತು. ಅದರ ದೆಸೆಯಿಂದ ಪಕ್ಷಿತಜ್ಞ ಸಲೀಂ ಅಲಿಯವರ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ಹಣ ಸಿಕ್ಕಿತು. ಯಾರದೋ ಜ್ವರ, ಯಾರಿಗೋ ಅನುಕೂಲ.

ರೋಗ ಹರಡುವ ಆಸಾಮಿ ಇದ್ದದ್ದು ಮಾತ್ರ ಕಾಲ ಬುಡದಲ್ಲೇ. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಅದರ ಮರಿ ಎಳ್ಳುಕಾಳಿನಷ್ಟೂ ಇರುವುದಿಲ್ಲ. ಪಂಚೆ ಮೇಲೆ ಹತ್ತಿದರೆ ಧೂಳು ಅಂತ ಕೊಡವಿಬಿಡುತ್ತೀರಿ. ಮಂಗದ ರಕ್ತ ಕುಡಿದ ಉಣುಗುಗಳು ಅದು ಸತ್ತ ಜಾಗದಲ್ಲೇ ಉದುರಿ ತರಗೆಲೆ ಸೇರುತ್ತವೆ. ಹಾಗಾಗಿ ಮಂಗ ಬಿದ್ದ ಜಾಗವೇ ಅಪಾಯದ ಜಾಗ.

ಈಗ ನೀವೇ ಆ ತಾಲ್ಲೂಕಿನ ಹೆಲ್ತ್ ಇನ್‌ಸ್ಪೆಕ್ಟರ್ ಅಂದುಕೊಳ್ಳಿ. ರೋಗಕ್ಕೆ ಮದ್ದಿಲ್ಲ. ರಷ್ಯಾದ ಜ್ವರದ ಲಸಿಕೆ ಕೊಟ್ಟು ನೋಡಿದರು, ಕೆಲಸ ಮಾಡಲಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಹಾಗಾಗಿ ರೋಗಿಯನ್ನು ಬೇರೆ ಇಟ್ಟೂ ಪ್ರಯೋಜನವಿಲ್ಲ. ಉಳಿದ ದಾರಿ ಎಂದರೆ ಸತ್ತ ಮಂಗದ ಸುದ್ದಿ ಹಿಡಿಯುವುದು, ಸುತ್ತ ಐವತ್ತು ಅಡಿ ಕೀಟನಾಶಕ ಹಾಕಿಸುವುದು, ಆ ಕಡೆ ಹೋಗಬೇಡಿ ಎನ್ನುವುದು. ಸುದ್ದಿ ತರುವವರು ಯಾರು? ದನ ಕಾಯುವ ಹುಡುಗ, ಸೌದೆ ಹೊರುವ ಹೆಂಗಸು. ರೋಗ ಮೊದಲು ತಗಲುವುದೂ ಇವರಿಗೇ. ಪುಣೆಯ ಪ್ರಯೋಗಾಲಯದ ಬಗ್ಗೆ ಜಾಸ್ತಿ ಬರೆಯುತ್ತೇವೆ, ಇವರ ಬಗ್ಗೆ ಕಡಿಮೆ. ನನಗೆ ಅದು ಸರಿ ಕಾಣುವುದಿಲ್ಲ.

ಇನ್ನು 'ಕಾಡಿಗೆ ಹೋಗಬೇಡಿ' ಎಂಬ ಮಾತು. ಹೇಳೋದು ಸುಲಭ. ಉಣುಗಿನ ಮರಿ ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ. ಮಲೆನಾಡಿನವರು ಕೊಟ್ಟಿಗೆಗೆ, ತೋಟಕ್ಕೆ ತರಗೆಲೆ ಗುಡಿಸಿ ತರುವುದೂ ಅದೇ ತಿಂಗಳುಗಳಲ್ಲಿ.