ಕೆಳಗೆ ಬೆಚ್ಚಗಿರುವ ಸಮುದ್ರ

ಹೂಮಳೆ ಇನ್ನೂ ಬಂದಿಲ್ಲ. ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ್ದೆವು, ಅಷ್ಟರಲ್ಲಿ ಫುಟ್‌ವಾಲ್ವ್‌ಗೆ ಕಸ ಸಿಕ್ಕಿ ಮೋಟಾರ್ ನೀರೆತ್ತಲಿಲ್ಲ. ತೆಗೆಯಲು ಕೆರೆಗೆ ಇಳಿದೆ. ಎದೆಮಟ್ಟದ ನೀರು ಬೆಚ್ಚಗಿದೆ, ಪಾದಕ್ಕೆ ಮಾತ್ರ ಗಡಗಡ ಚಳಿ. ಬಿಸಿ ಮೇಲೆ, ತಣ್ಣಗಿನದು ಕೆಳಗೆ. ಇದೇ ಸರಿ ಅಲ್ವಾ?

ಅಂಟಾರ್ಟಿಕಾದ ಕರಾವಳಿಯಲ್ಲಿ ಈ ಲೆಕ್ಕ ತಲೆಕೆಳಗು. ಬೇಸಿಗೆಯಲ್ಲಿ ಮೇಲ್ಗಡೆ ಹಿಮ ಕರಗಿದ, ಉಪ್ಪು ಕಡಿಮೆ ಇರುವ ತೆಳು ಪದರ. ಅದರ ಕೆಳಗೆ ಹೋದ ಚಳಿಗಾಲದಿಂದ ಉಳಿದ ನೀರು, ಮೈನಸ್ 1.8 ಡಿಗ್ರಿ ಹತ್ತಿರ. ಸಮುದ್ರದ ನೀರು ಹೆಪ್ಪುಗಟ್ಟುವುದೇ ಸುಮಾರು ಮೈನಸ್ 1.9ಕ್ಕೆ. ಇನ್ನೂ ಕೆಳಗೆ, ನೂರಾರು ಮೀಟರ್ ಆಳದಲ್ಲಿ, ಕೆಲವು ಕಡೆ 1 ಡಿಗ್ರಿ ಆಸುಪಾಸಿನ ನೀರು. ಅಲ್ಲಿ ಅದೇ ಬಿಸಿನೀರು!

ಅದು ಮೇಲೆ ಬರದಂತೆ ಹಿಡಿದಿರುವುದು ಉಪ್ಪು. ಅಡುಗೆಮನೆಯಲ್ಲೇ ನೋಡಿ: ಬೆಚ್ಚಗಿನ ನೀರಿಗೆ ಎರಡು ಚಮಚ ಉಪ್ಪು, ಬಣ್ಣಕ್ಕೆ ಸ್ವಲ್ಪ ಡಿಕಾಕ್ಷನ್. ಮೇಲಿಂದ ಫ್ರಿಜ್ಜಿನ ತಣ್ಣೀರನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಸಿದೆ. ಕಂದು ನೀರು ತಳದಲ್ಲೇ ಕೂತಿತು. "ಡಿಕಾಕ್ಷನ್ ಸುಮ್ನೆ ಹಾಳು ಮಾಡಿದೆ" ಅಂತ ಅಮ್ಮನ ಗೊಣಗಾಟ ಬೇರೆ.

ಪಶ್ಚಿಮ ಅಂಟಾರ್ಟಿಕಾದ ಅಮುಂಡ್ಸೆನ್ ಸಮುದ್ರದಲ್ಲಿ ಈ ತಳದ ಬೆಚ್ಚನೆ ನೀರು ಸಮುದ್ರತಳದ ಕಂದಕಗಳ ಹಾದಿ ಹಿಡಿದು ಥ್ವೈಟ್ಸ್, ಪೈನ್ ಐಲೆಂಡ್ ಹಿಮನದಿಗಳ ಅಡಿಗೆ ನುಗ್ಗುತ್ತದೆ, ಅಲ್ಲಿ ಆಳ ಜಾಸ್ತಿಯಾದಷ್ಟೂ ಒತ್ತಡಕ್ಕೆ ಹಿಮ ಇನ್ನೂ ಕಡಿಮೆ ಉಷ್ಣತೆಯಲ್ಲೇ ಕರಗುವುದರಿಂದ 1 ಡಿಗ್ರಿ ನೀರೂ ಕೆಳಗಿನಿಂದ ಚೆನ್ನಾಗಿ ಕೊರೆಯುತ್ತದೆ. ರಾಸ್ ಸಮುದ್ರದ ಕಥೆ ಬೇರೆ. ಅಲ್ಲಿ ಗಾಳಿ ಹೊಸ ಹಿಮವನ್ನು ಆಚೆ ತಳ್ಳುತ್ತಾ ಇರುತ್ತದೆ, ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಹಿಮವಾಗುವಾಗ ಹೆಚ್ಚಿನ ಉಪ್ಪು ಹೊರಗೆ ಬಿದ್ದು, ಉಳಿದ ನೀರು ತಣ್ಣಗೂ ಭಾರವೂ ಆಗಿ ತಳ ತುಂಬುತ್ತದೆ. ಬೆಚ್ಚನೆ ನೀರಿಗೆ ಜಾಗ ಸಿಗುವುದು ಕಷ್ಟ.

ಅಂಟಾರ್ಟಿಕಾದಲ್ಲಿ ನಮ್ಮ ದೇಶದ ಭಾರತಿ ಸಂಶೋಧನಾ ಕೇಂದ್ರ ಇರುವುದು ಪ್ರಿಡ್ಜ್ ಕೊಲ್ಲಿಯ ದಡದಲ್ಲಿ, 2012ರಿಂದ. ಅದರ ಪಶ್ಚಿಮಕ್ಕೆ ಕೇಪ್ ಡಾರ್ನ್ಲಿ. ಅಲ್ಲೂ ಇಂಥ ಭಾರದ ನೀರು ತಯಾರಾಗಿ ಆಳಸಾಗರಕ್ಕೆ ಜಾರುತ್ತದೆ. ಅದನ್ನು ಗೊತ್ತುಮಾಡಲು ನೆರವಾದವರಲ್ಲಿ ಎಲಿಫೆಂಟ್ ಸೀಲ್ ಎಂಬ ದೈತ್ಯ ಕಡಲಪ್ರಾಣಿಗಳೂ ಇವೆ! ತಲೆಗೆ ಅಂಟಿಸಿದ ಯಂತ್ರ ಪ್ರತಿ ಮುಳುಗಿಗೂ ಉಷ್ಣತೆ, ಉಪ್ಪು ಅಳೆಯುತ್ತದೆ. ನಮ್ಮ ತೋಟಕ್ಕೆ ನುಗ್ಗುವ ಆನೆಗೆ ರೇಡಿಯೋ ಕಾಲರ್ ಹಾಕಿದರೆ ಎಲ್ಲಿದೆ ಅಂತ ಮಾತ್ರ ಗೊತ್ತಾಗುತ್ತದೆ, ಈ ಕಡಲಿನ ಆನೆ ಪಾಪ ನೀರಿನ ಲೆಕ್ಕವನ್ನೂ ಬರೆದುಕೊಡುತ್ತದೆ.

ಲೋಟ ಕಿಟಕಿ ಪಕ್ಕ ಇಟ್ಟಿದ್ದೇನೆ. ಗೆರೆ ಇನ್ನೂ ಕಾಣುತ್ತಿದೆ. ಮೋಟಾರ್ ಮಾತ್ರ ಮತ್ತೆ ನಿಂತಿದೆ.